ಓರಗೆಯವರೇ ಹೇಳಿಕೊಡುವ ಆರೋಗ್ಯ ಪಾಠ

ವಯಸ್ಸಿಗೆ ಬರುತ್ತಿರುವ ಮಕ್ಕಳಿಗೆ ಮೈಯ ಬದಲಾವಣೆಗಳ ಬಗ್ಗೆ ನೂರೆಂಟು ಅನುಮಾನ. ಅಪ್ಪ-ಅಮ್ಮನನ್ನು ಕೇಳಲು ಸಂಕೋಚ, ಮೇಷ್ಟ್ರನ್ನು ಕೇಳಲು ಭಯ. ಕೊನೆಗೆ ಕೇಳುವುದು ಗೆಳೆಯರನ್ನು, ಇಲ್ಲವೇ ಮೊಬೈಲನ್ನು. ಆ ಗೆಳೆಯರಲ್ಲೇ ಕೆಲವರಿಗೆ ತರಬೇತಿ ಕೊಟ್ಟು, ಅವರಿಂದ ಉಳಿದವರಿಗೆ ಸರಿಯಾದ ಮಾಹಿತಿ ತಲುಪಿಸುವುದೇ ‘ಪೀರ್ ಎಜುಕೇಶನ್’, ಅಂದರೆ ಓರಗೆಯವರಿಂದ ಕಲಿಕೆ.

ನಮ್ಮ ದೇಶದಲ್ಲಿ 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದಕ್ಕೆ ಜಾಗವಿದೆ. ಇದು 10ರಿಂದ 19 ವರ್ಷದವರಿಗಾಗಿ ಇರುವ ಯೋಜನೆ. ಸುಮಾರು ಸಾವಿರ ಜನರಿರುವ ಊರಿಗೆ ಇಬ್ಬರು ಹುಡುಗರು, ಇಬ್ಬರು ಹುಡುಗಿಯರನ್ನು ಆಶಾ ಕಾರ್ಯಕರ್ತೆಯ ನೆರವಿನಿಂದ ಆರಿಸುತ್ತಾರೆ. ಇವರಿಗೆ ‘ಸಾಥಿಯಾ’ ಎಂಬ ಹೆಸರು. ತರಬೇತಿ ಮುಗಿದ ಮೇಲೆ ಒಬ್ಬೊಬ್ಬರೂ 15-20 ಮಂದಿಯ ಗುಂಪು ಕಟ್ಟಿಕೊಂಡು ವಾರಕ್ಕೊಮ್ಮೆ ಸೇರುತ್ತಾರೆ. ಹುಡುಗರದ್ದೇ ಒಂದು ಗುಂಪು, ಹುಡುಗಿಯರದ್ದೇ ಒಂದು.

ಬಾಯಿಬಿಟ್ಟು ಕೇಳಲು ನಾಚಿಕೆಯಾದವರಿಗೆ ಚೀಟಿ ಡಬ್ಬಿ ಇಡಬಹುದು. ಹೆಸರು ಬರೆಯಬೇಕಿಲ್ಲ. ‘ಮುಟ್ಟಾದಾಗ ತಲೆಗೆ ಸ್ನಾನ ಮಾಡಬಾರದಾ?’ ಧಾರಾಳವಾಗಿ ಮಾಡಬಹುದು. ‘ನಿದ್ದೆಯಲ್ಲಿ ವೀರ್ಯ ಹೋದರೆ ಶಕ್ತಿ ಕುಂದುತ್ತದಾ?’ ಇಲ್ಲ, ಆ ವಯಸ್ಸಿಗೆ ಅದು ಸಹಜ. ‘ಜೊತೆಗೆ ಊಟ ಮಾಡಿದರೆ ಎಚ್‌ಐವಿ ಬರುತ್ತದಾ?’ ಬರುವುದಿಲ್ಲ.

ಮಕ್ಕಳೇ ಮಕ್ಕಳಿಗೆ ತಪ್ಪು ಹೇಳಿಕೊಟ್ಟರೆ? ಅದಕ್ಕೇ ಸಾಥಿಯಾ ಔಷಧ ಹೇಳುವಂತಿಲ್ಲ. ತನಗೆ ಗೊತ್ತಿಲ್ಲದ್ದನ್ನು ಆಶಾ ಅಥವಾ ನರ್ಸಮ್ಮನಿಗೆ ದಾಟಿಸಬೇಕು. ಇದನ್ನು ‘ರೆಫರಲ್’, ಅಂದರೆ ಮುಂದಿನವರಲ್ಲಿಗೆ ಕಳಿಸುವುದು ಎನ್ನುತ್ತಾರೆ. ಯಾರಾದರೂ ಲೈಂಗಿಕ ಕಿರುಕುಳದ ವಿಷಯ ಹೇಳಿಕೊಂಡರೆ ಅದನ್ನು ಗುಂಪಿನಲ್ಲೇ ಮುಚ್ಚಿಡಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು.

ಇಂಥ ವಿಷಯಗಳನ್ನು ಮಾತಾಡಿದರೆ ಮಕ್ಕಳು ಹಾದಿ ತಪ್ಪುವುದಿಲ್ಲವೇ? ಸರಿಯಾದ ಲೈಂಗಿಕ ಶಿಕ್ಷಣ ಸಿಕ್ಕವರು ಬೇಗ ಲೈಂಗಿಕ ಸಂಪರ್ಕಕ್ಕೆ ಇಳಿಯುವುದಿಲ್ಲ ಎಂದು ಯುನೆಸ್ಕೊ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ಗೆಳೆಯರ ಮಾತೊಂದೇ ಸಾಲದು. ಬೆನ್ನಿಗೆ ಆಸ್ಪತ್ರೆಯೂ ಇರಬೇಕು.

ಕರ್ನಾಟಕದಲ್ಲಿ ಅದಕ್ಕೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳಿವೆ. ಅಲ್ಲಿ ಹದಿಹರೆಯದವರು ಆಪ್ತಸಮಾಲೋಚಕರ ಜೊತೆ ಮಾತಾಡಬಹುದು. ಇದಕ್ಕೆ ಶುಲ್ಕವಿಲ್ಲ. ಸಾಥಿಯಾ ಗುಂಪುಗಳು ಎಲ್ಲ ಊರುಗಳಲ್ಲೂ ಇಲ್ಲ. ನಿಮ್ಮೂರಲ್ಲಿ ಇವೆಯೇ, ಹತ್ತಿರದ ಸ್ನೇಹ ಕ್ಲಿನಿಕ್ ಯಾವಾಗ ತೆರೆದಿರುತ್ತದೆ ಎಂದು ಆಶಾ ಅಕ್ಕನನ್ನು ಕೇಳಿ. ಮಕ್ಕಳನ್ನು ಕಳಿಸಿ. ಬಂದ ಮೇಲೆ ಏನು ಕೇಳಿದೆ ಎಂದು ಮಾತ್ರ ಕೆದಕಬೇಡಿ.