ಎಣಿಕೆ ಇಲ್ಲಿ, ಓಟು ಔರಾದಿನಲ್ಲಿ

2024ರ ಏಪ್ರಿಲ್ 26. ಗೋವಿಂದರಾಜನಗರದ ನಮ್ಮ ಶಾಲೆಯ ಮತಗಟ್ಟೆಯಲ್ಲಿ ಬೆಳಗ್ಗೆ ಏಳಕ್ಕೇ ಸಾಲು. ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರಕ್ಕೆ ಅಂದು ಮತದಾನ. ಎದುರು ಏಳುತ್ತಿದ್ದ ಕಟ್ಟಡದಲ್ಲಿ ಗಾರೆ ಮೇಸ್ತ್ರಿ ಎಂದಿನಂತೆ ಕರಣೆ ಹಿಡಿದು ಕೂತಿದ್ದರು. ಜೊತೆಯ ಹುಡುಗರು ಕರೆಯುವಂತೆ ನಾವೂ ಅವರನ್ನು ಕಾಕಾ ಎನ್ನುತ್ತೇವೆ.

'ಓಟು ಹಾಕಲ್ವಾ ಕಾಕಾ?'

'ನಮ್ಮ ಹೆಸರು ಔರಾದದಾಗ ಅದರೀ. ಮೇ ಏಳಕ್ಕ ಹಾಕ್ಲಾಕ್ ಹೋಗ್ತೀನಿ.'

ಇಲ್ಲಿಗೆ ಬಂದು ಹತ್ತು ವರ್ಷ ದಾಟಿದರೂ ಅವರ ಓಟು ಊರಲ್ಲೇ ಇದೆ. ಔರಾದ್ ಇರುವ ಬೀದರ್ ಸೇರಿದಂತೆ ಉತ್ತರದ 14 ಕ್ಷೇತ್ರಗಳಿಗೆ ಮತದಾನ ರಾಜ್ಯದ ಎರಡನೇ ಹಂತದಲ್ಲಿತ್ತು. ಮೇ 5ರ ಸಂಜೆ ಅವರು ಗುರುತಿನ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಹೊರಟರು. ಹೋಗಿ ಬರುವಷ್ಟರಲ್ಲಿ ಮೂರು ದಿನದ ಕೂಲಿ ಹೋಯಿತು.

ಔರಾದ್ ಕರ್ನಾಟಕದ ನೆತ್ತಿಯ ವಿಧಾನಸಭಾ ಕ್ಷೇತ್ರ. ಅತ್ತ ಮಹಾರಾಷ್ಟ್ರ, ಇತ್ತ ತೆಲಂಗಾಣ. ಒಂದೇ ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಕೇಳುತ್ತವೆ. ಬೀದರಿನಿಂದ ಹೈದರಾಬಾದಿಗೆ 150 ಕಿ.ಮೀ. ಕೂಡ ಇಲ್ಲ, ವಿಧಾನಸೌಧಕ್ಕೆ ಸುಮಾರು 700. ಕಾಯಿಲೆ ಬಿದ್ದರೆ ಹೈದರಾಬಾದಿಗೆ ಓಡುವ ಜನ ಅರ್ಜಿ ಹಿಡಿದರೆ ಮಾತ್ರ ಬೆಂಗಳೂರಿಗೇ ಬರಬೇಕು.

ಹಾಗೆಂದು ಅವರಿಗೆ ಪ್ರತಿನಿಧಿಗಳ ಬರವಿರಲಿಲ್ಲ. ಬೀದರಿನ ರಾಮಚಂದ್ರ ವೀರಪ್ಪ ಏಳು ಬಾರಿ ಸಂಸದರು. 2004ರಲ್ಲಿ, ತೊಂಬತ್ತು ದಾಟಿದ ಮೇಲೂ ಗೆದ್ದು, ಕೆಲವೇ ತಿಂಗಳಲ್ಲಿ ತೀರಿಕೊಂಡರು. ಇಪ್ಪತ್ತು ವರ್ಷಗಳ ಬಳಿಕ ಅದೇ ಕ್ಷೇತ್ರ 26ರ ಸಾಗರ್ ಖಂಡ್ರೆ ಅವರನ್ನು ದೆಹಲಿಗೆ ಕಳಿಸಿತು. ನಡುವೆ ಮಾಜಿ ಮುಖ್ಯಮಂತ್ರಿ ಧರಂ ಸಿಂಗ್ ಗೆದ್ದರು, ಭಗವಂತ ಖೂಬಾ ಕೇಂದ್ರ ಸಚಿವರೂ ಆದರು. ಔರಾದಿನಲ್ಲಿ 2008ರಿಂದ ಸತತ ನಾಲ್ಕು ಸಲ ಪ್ರಭು ಚವ್ಹಾಣ್. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಓದಿದ ಮಕ್ಕಳಿಗೆ ಸೀಟು, ನೌಕರಿ ಸಿಕ್ಕವು. ಆದರೂ ತೊಂಬತ್ತರ ದಶಕದಲ್ಲಿ ಮಂಜೂರಾದ ಬೀದರ್–ಕಲಬುರಗಿ ರೈಲು ಮಾರ್ಗ, ಬರೀ 110 ಕಿ.ಮೀ., ಪೂರ್ತಿಯಾಗಿ ಉದ್ಘಾಟನೆ ಕಂಡದ್ದು 2017ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಪಕ್ಕದ ಜಿಲ್ಲೆಗೆ ರೈಲಿನಲ್ಲಿ ಹೋಗಲು ನೆರೆರಾಜ್ಯ ಸುತ್ತಬೇಕಿತ್ತು!

ನನ್ನನ್ನು ಕಾಡುವುದು ಇನ್ನೊಂದು ಲೆಕ್ಕ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಬೆಂಗಳೂರು ನಗರ ಜಿಲ್ಲೆಯ ವಿಧಾನಸಭಾ ಸ್ಥಾನಗಳು 16ರಿಂದ 28ಕ್ಕೆ ಏರಿದವು. ನಮ್ಮ ಗೋವಿಂದರಾಜನಗರ ಕ್ಷೇತ್ರ ಹುಟ್ಟಿದ್ದೂ ಆಗಲೇ. ಬೀದರ್ ಜಿಲ್ಲೆಗೆ ಆಗಲೂ ಆರು, ಈಗಲೂ ಆರು. ಒಟ್ಟು 224 ಎಂದು ಗೆರೆ ಎಳೆದಿರುವಾಗ ಇಲ್ಲಿ ಹೆಚ್ಚಿದ್ದು ಬೇರೆಲ್ಲೋ ಕಳೆದ ಸ್ಥಾನಗಳೇ. ಕಾಕಾನಂಥವರನ್ನು ಜನಗಣತಿಯವರು ಇಲ್ಲಿನ ತಗಡಿನ ಶೆಡ್ಡಿನ ಬಾಗಿಲಲ್ಲಿ ಎಣಿಸುತ್ತಾರೆ. ಆ ಎಣಿಕೆಯಿಂದ ಸೀಟು ಹೆಚ್ಚುವುದು ನಮಗೆ, ಅವರ ಹೆಸರಿರುವ ಊರಿಗಲ್ಲ. ನಮ್ಮ ಶಾಸಕರಿಗೆ ಅವರು ಮತದಾರರಲ್ಲ, ಅವರ ಶಾಸಕರಿಗೆ ಅವರು ಕೈಗೆ ಸಿಗುವವರಲ್ಲ.

ಮುಂದಿನ ಮರುವಿಂಗಡಣೆಯಲ್ಲಿ ದಕ್ಷಿಣದ ರಾಜ್ಯಗಳಿಗೆ ಸೀಟು ಕಡಿಮೆಯಾದೀತೆಂದು ನಾವೆಲ್ಲ ದನಿ ಎತ್ತುತ್ತಿದ್ದೇವೆ, ಸರಿಯಾಗಿಯೇ. ಅದೇ ನ್ಯಾಯವನ್ನು ರಾಜ್ಯದೊಳಗೆ ಔರಾದಿಗೂ ಕೇಳಬೇಕಾದವರು ಬೆಂಗಳೂರಿನ ನಾವು. ತಲೆ ಎಣಿಸುವಾಗ ದೂರವನ್ನೂ ಅಳೆಯಿರಿ ಎನ್ನಬೇಕು.

ಮೇ 9ರ ಬೆಳಗ್ಗೆ ಕಾಕಾ ಅದೇ ಕಲಬುರಗಿ ಮಾರ್ಗದ ರೈಲಿನಲ್ಲಿ ಮರಳಿದರು. ಹೊಲದ್ದೆಂದು ಒಂದು ಸೇರು ತೊಗರಿಬೇಳೆ ತಂದುಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಅವರ ಬೆರಳಿನ ಮಸಿಯ ಮೇಲೆ ಸಿಮೆಂಟು ಒಣಗಿತ್ತು.