ಡಾಕ್ಟ್ರು ಎಣ್ಣಿ ಡಬ್ಬಿ ಯಾಕ ಕೇಳ್ತಾರ?

ನಾಲವಾರದ ರೈತ ಒಬ್ಬ, ನಿದ್ದಿ ಬರವಲ್ದು ಅಂತ ದವಾಖಾನಿಗೆ ಹೋದ ಅಂದ್ಕೋರಿ. ಡಾಕ್ಟ್ರು ಕೇಳ್ತಾರ: ‘ತೊಗರಿಗಿ ಹೊಡಿಯೋ ಎಣ್ಣಿ ಮನ್ಯಾಗ ಎಲ್ಲಿಟ್ಟೀರಿ?’ ಇವರಿಗ್ಯಾಕ ಬೇಕು ಅನಸ್ತದ, ಹೌದಲ್ಲ?

ಅಮೆರಿಕದ ಫ್ಲೋರಿಡಾದಾಗ ಇಂಥದೇ ಪ್ರಶ್ನಿ ಮ್ಯಾಲ ಜಗಳ ಆಗಿತ್ತು, ಬಂದೂಕಿಂದು. ಮನ್ಯಾಗ ಬಂದೂಕು ಅದ ಏನು ಅಂತ ಡಾಕ್ಟ್ರು ಸುಮ್ಮಸುಮ್ನ ಕೇಳಬಾರದು ಅಂತ 2011ರಾಗ ಕಾಯ್ದೆ ಬಂತು. 2017ರಾಗ ಕೋರ್ಟು ಅದರ ಮುಖ್ಯ ಭಾಗಾನೇ ಹೊಡೆದು ಹಾಕಿತು.

ನಮ್ಮ ಕಡಿ ಬಂದೂಕು ಕಡಿಮಿ. ಎಣ್ಣಿ ಡಬ್ಬಿ ಮಾತ್ರ ಮಂಚದ ಕೆಳಗೇ! ಜೀವ ಕಳಕೋಬೇಕು ಅನಿಸೋ ಸಂಕಟ ಒಂದು ಗಳಿಗಿಂದು. ಆ ಗಳಿಗ್ಯಾಗ ಅದು ಕೈಗೆ ಸಿಗಬಾರದು, ಅಷ್ಟ.

ಡಾಕ್ಟ್ರಿಗಿ ಹೇಳಿದ ಗುಟ್ಟು ಹೊರಗ ಹೋಗ್ತದ ಅನ್ನೋ ಚಿಂತಿ? 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಅದನ್ನ ಕಾಯ್ತದ. ಜೀವಕ್ಕ ಅಪಾಯ ಇದ್ದಾಗ ಡಾಕ್ಟ್ರು ಅಗತ್ಯ ಇದ್ದಷ್ಟೇ ಹೊರಗ ಹೇಳಬಹುದು.

ಡಬ್ಬಿಗೆ ಕೀಲಿ ಹಾಕ್ರಿ. ಮಾತಾಡಬೇಕು ಅನಿಸಿದ್ರ ಟೆಲಿ ಮನಸ್ ಸಹಾಯವಾಣಿ, 14416, ಪುಕ್ಕಟ.