ಮನೆಯ ವೈದ್ಯನನ್ನು ಒರೆಗೆ ಹಚ್ಚುವುದು ಹೇಗೆ?

ಬೆಂಗಳೂರಿನ ಉತ್ತರ ಭಾಗದಲ್ಲಿರುವ ಗಂಗಾನಗರದಲ್ಲಿ ಸಂಜೆಯ ಹೊತ್ತು ಯಾವುದಾದರೊಂದು ಚಿಕ್ಕ ದವಾಖಾನೆಯ ಮುಂದೆ ನಿಂತು ನೋಡಿದರೆ ಒಂದು ಸಂಗತಿ ನಮ್ಮ ಗಮನಕ್ಕೆ ಬಾರದಿರದು. ಒಳಗೆ ಹೋಗುವವರಲ್ಲಿ ಹೆಚ್ಚಿನವರು ತಮ್ಮ ಕಾಯಿಲೆಯ ಹೆಸರನ್ನು ತಿಳಿದು ಬಂದವರಲ್ಲ. ಮಗುವಿಗೆ ಮೈ ಬಿಸಿ, ಅಜ್ಜಿಗೆ ತಲೆಸುತ್ತು, ಐವತ್ತು ದಾಟಿದ ಗೃಹಸ್ಥರೊಬ್ಬರಿಗೆ ಎದೆಯಲ್ಲಿ ಉರಿ, ಅವರೇ ಹೇಳುವಂತೆ ‘ಬರಿಯ ಗ್ಯಾಸ್’. ದೊಡ್ಡ ಆಸ್ಪತ್ರೆಯಲ್ಲಾದರೆ ಹೃದಯಕ್ಕೊಂದು ವಿಭಾಗ, ಮಕ್ಕಳಿಗೊಂದು ವಿಭಾಗ ಎಂದು ರೋಗಿಗಳು ಮೊದಲೇ ವಿಂಗಡವಾಗಿರುತ್ತಾರೆ. ಇಲ್ಲಿ ವಿಂಗಡಿಸುವ ಕೆಲಸವೇ ವೈದ್ಯನದು. ಎದೆಯುರಿಗಳಲ್ಲಿ ಬಹುಪಾಲು ಹೊಟ್ಟೆಯವೇ ಆಗಿದ್ದು, ಎಲ್ಲೋ ಒಂದು ಮಾತ್ರ ಹೃದಯಾಘಾತದ ಮೊದಲ ಸೂಚನೆಯಾಗಿರುತ್ತದೆ. ಆ ಒಂದನ್ನು ತಪ್ಪದೆ ಗುರುತಿಸಬಲ್ಲನೆಂದು, ಹಿರಿಯರ ನೆರವಿಲ್ಲದೆ ತಾನೊಬ್ಬನೇ ಕುಳಿತು ಚಿಕಿತ್ಸೆ ನಡೆಸಬಲ್ಲನೆಂದು ನಿರ್ಧರಿಸುವವರು ಯಾರು, ಮತ್ತು ಹೇಗೆ?

ನಮ್ಮ ದೇಶದ ಮಟ್ಟಿಗೆ ಉತ್ತರವು ವಾಚಕರಿಗೆ ಸ್ವಲ್ಪ ಆಶ್ಚರ್ಯವನ್ನು ಉಂಟುಮಾಡಬಹುದು. ಎಂ.ಬಿ.ಬಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಒಂದು ವರ್ಷ ಸರದಿಯ ಮೇಲೆ ಬೇರೆ ಬೇರೆ ವಿಭಾಗಗಳಲ್ಲಿ ಇಂಟರ್ನ್ ಆಗಿ ದುಡಿದು, ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವನು, ದವಾಖಾನೆಯ ನೋಂದಣಿಯೊಂದನ್ನು ಪಡೆದು ಬೋರ್ಡು ತೂಗುಹಾಕಬಹುದು. ಕುಟುಂಬ ವೈದ್ಯನಾಗಲು ಬೇರೆ ತರಬೇತಿಯಾಗಲಿ ಪರೀಕ್ಷೆಯಾಗಲಿ ಕಡ್ಡಾಯವಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯು ದೇಶಕ್ಕೆಲ್ಲ ಸಮಾನವಾದ ನಿರ್ಗಮನ ಪರೀಕ್ಷೆಯೊಂದನ್ನು ವಿಧಿಸಿತೇನೋ ನಿಜ. ಆದರೆ ಅದರ ಆಚರಣೆ ಪದೇ ಪದೇ ಮುಂದಕ್ಕೆ ಹೋಗಿದೆ. ಬ್ರಿಟನ್ನಿನಲ್ಲಾದರೋ 1980ರ ದಶಕದ ಮೊದಲಿನಿಂದಲೇ ಇಂತಹ ವೈದ್ಯರಿಗೆ ಪ್ರತ್ಯೇಕ ತರಬೇತಿ ಕಡ್ಡಾಯವಾಗಿದೆ.

ಸ್ವಂತ ಇಚ್ಛೆಯಿಂದ ಈ ವಿದ್ಯೆಯನ್ನು ಕಲಿಯಬಯಸುವವರಿಗೆ ನಮ್ಮಲ್ಲಿಯೂ ದಾರಿಯಿದೆ. ಗಂಗಾನಗರದಿಂದ ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳದ ಕಡೆಗೆ ಹೋದರೆ, 1973ರಲ್ಲಿ ಆರಂಭವಾದ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆ ಸಿಗುತ್ತದೆ. ರಾಷ್ಟ್ರೀಯ ಪರೀಕ್ಷಾ ಮಂಡಲಿಯ ಡಿ.ಎನ್.ಬಿ. ಪದವಿಗಾಗಿ ಕುಟುಂಬ ವೈದ್ಯಶಾಸ್ತ್ರದ ತರಬೇತಿಯನ್ನು ಕೊಡುವ ಆಸ್ಪತ್ರೆಗಳಲ್ಲಿ ಅದೂ ಒಂದು. ಎಂ.ಬಿ.ಬಿ.ಎಸ್. ಆದಮೇಲೆ ಮೂರು ವರ್ಷಗಳ ಕಲಿಕೆ. ಕೊನೆಯಲ್ಲಿ ಮೂರು ಮೂರು ಗಂಟೆಗಳ ನಾಲ್ಕು ಪ್ರಶ್ನಪತ್ರಿಕೆಗಳು. ಅವುಗಳಲ್ಲಿ ಗೆದ್ದವರಿಗೆ ಪ್ರಾಯೋಗಿಕ ಪರೀಕ್ಷೆ. ನಡುವೆ ಮಾಡಿದ ಕೆಲಸವನ್ನೆಲ್ಲ ದಿನಚರಿಯ ಪುಸ್ತಕದಲ್ಲಿ ಬರೆದಿಡಬೇಕು. (ಇಷ್ಟು ಗಾಯಗಳಿಗೆ ಹೊಲಿಗೆ ಹಾಕಿದೆನೆಂಬ ಲೆಕ್ಕವು ಹೊಲಿಗೆ ಚೆನ್ನಾಗಿತ್ತೆಂಬುದಕ್ಕೆ ಸಾಕ್ಷಿಯಲ್ಲವೆಂಬ ಸಂಶಯ ನಮಗಿದೆ.)

ಪ್ರಾಯೋಗಿಕ ಪರೀಕ್ಷೆಯ ವಿಷಯದಲ್ಲಿಯೇ ವಿಜ್ಞಾನವು ಕುತೂಹಲಕರವಾದ ಪಾಠವನ್ನು ಕಲಿಸಿದೆ. ಹಿಂದೆಲ್ಲ ವಿದ್ಯಾರ್ಥಿಗೆ ಮುಖ್ಯವಾಗಿ ಒಬ್ಬ ರೋಗಿಯನ್ನು ಒಪ್ಪಿಸಿ, ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬಿಟ್ಟು, ಆಮೇಲೆ ಪರೀಕ್ಷಕರು ಪ್ರಶ್ನಿಸುತ್ತಿದ್ದರು. ಅನ್ನ ಬೆಂದಿದೆಯೆ ಎಂದು ತಿಳಿಯಲು ಒಂದಗುಳನ್ನು ಹಿಚುಕಿದರೆ ಸಾಕಲ್ಲವೆ? ಸಾಲದು ಎಂದು ತೋರಿಸಿದವರಲ್ಲಿ ಅಮೆರಿಕೆಯ ಆರ್ಥರ್ ಎಲ್‌ಸ್ಟೀನ್ ಮತ್ತು ಅವರ ಸಂಗಡಿಗರು ಪ್ರಮುಖರು. ವೈದ್ಯರು ಹೇಗೆ ಯೋಚಿಸುತ್ತಾರೆಂಬುದನ್ನು ಶೋಧಿಸಿ 1978ರಲ್ಲಿ ಅವರು ಪ್ರಕಟಿಸಿದ ಗ್ರಂಥದಿಂದ, ಒಂದು ರೋಗದಲ್ಲಿ ಜಾಣನಾದವನು ಇನ್ನೊಂದರಲ್ಲಿಯೂ ಜಾಣನಾಗಿರುವನೆಂದು ನಂಬುವಂತಿಲ್ಲವೆಂದು ತಿಳಿದುಬಂತು. ವೈದ್ಯನ ಬುದ್ಧಿಯು ಒಂದೇ ಪಾತ್ರೆಯ ಅನ್ನವಲ್ಲ. ಒಲೆಯ ಮೇಲೆ ಸಾಲಾಗಿಟ್ಟ ಹಲವು ಪಾತ್ರೆಗಳು. ಪ್ರತಿಯೊಂದರ ಅಗುಳನ್ನೂ ಮುಟ್ಟಿ ನೋಡಬೇಕು. ಎದೆನೋವಿನವರಿಗೆ ಹೃದಯಾಘಾತವಿರಬಹುದೆಂದು ಕಂಡ ಕೂಡಲೇ ಆಸ್ಪಿರಿನ್ ಮಾತ್ರೆಯನ್ನು ಅಗಿಯಲು ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸಿದವನು ಮೆಚ್ಚತಕ್ಕವನೇ. ಡೆಂಗ್ಯೂ ಇರಬಹುದಾದ ಜ್ವರದಲ್ಲಿ ಅದೇ ಮಾತ್ರೆಯು ರಕ್ತಸ್ರಾವಕ್ಕೆ ದಾರಿಮಾಡೀತೆಂಬುದು ಅವನಿಗೆ ಹೊಳೆಯುವುದೋ ಇಲ್ಲವೋ ಬೇರೆಯ ಮಾತು.

ಇದಕ್ಕೆ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಅವರ ಜೊತೆಗಾರರು 1975ರಲ್ಲಿಯೇ ಉಪಾಯವೊಂದನ್ನು ಪ್ರಕಟಿಸಿದ್ದರು. ಹಲವು ಪುಟ್ಟ ನೆಲೆಗಳನ್ನು ಏರ್ಪಡಿಸಿ, ಗಂಟೆ ಬಾರಿಸಿದೊಡನೆ ವಿದ್ಯಾರ್ಥಿಯು ಒಂದರಿಂದ ಇನ್ನೊಂದಕ್ಕೆ ಸಾಗುವಂತೆ ಮಾಡುವುದು; ಎಲ್ಲರಿಗೂ ಅದೇ ಸಮಸ್ಯೆಗಳು, ಅಂಕ ಹಾಕಲು ಮೊದಲೇ ಗೊತ್ತುಮಾಡಿದ ಪಟ್ಟಿ. ‘ಆಸ್ಕಿ’ ಎಂದು ವೈದ್ಯ ವಿದ್ಯಾರ್ಥಿಗಳೆಲ್ಲ ನಡುಗುವ ಪರೀಕ್ಷೆ ಇದೇ. ಬ್ರಿಟನ್ನಿನಲ್ಲಿ 2023ರ ಕೊನೆಯಿಂದ ನಡೆಯುತ್ತಿರುವ ಪರೀಕ್ಷೆಯಲ್ಲಿ ಕುಟುಂಬ ವೈದ್ಯರ ಅಭ್ಯರ್ಥಿಯು, ರೋಗಿಯ ಪಾತ್ರ ವಹಿಸಿದವರೊಡನೆ, ದೂರದಿಂದಲೇ, 12 ನಿಮಿಷಗಳಂತೆ 12 ಸಮಾಲೋಚನೆಗಳನ್ನು ನಡೆಸಬೇಕು. ಇದರ ಜೊತೆಗೆ ನಿಜವಾದ ದವಾಖಾನೆಯಲ್ಲಿ ಹಿರಿಯರು ಪಕ್ಕದಲ್ಲಿ ಕುಳಿತು ನೋಡಿ ಬರೆದ ವರದಿಗಳೂ ಲೆಕ್ಕಕ್ಕೆ ಬರುತ್ತವೆ. ನಮಗೆ ಇದೇ ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ತೋರುತ್ತದೆ: ಪರೀಕ್ಷೆಯ ದಿನ ಯಾರು ಬೇಕಾದರೂ ಸಹನೆಯಿಂದಿರಬಲ್ಲರು, ಸಂಜೆ ಏಳರ ಮೇಲೆ ನಲವತ್ತನೆಯ ರೋಗಿಯೊಡನೆ ಹೇಗಿರುವರೆಂಬುದನ್ನು ಅಲ್ಲಿಯೇ ನೋಡಬೇಕು.

ಪಟ್ಟಿಯಲ್ಲಿ ಪರೀಕ್ಷಕರು ಏನನ್ನು ಗುರುತಿಸುತ್ತಾರೆ? ಒಂದು ನೆಲೆಯನ್ನು ಕಲ್ಪಿಸಿಕೊಳ್ಳೋಣ. ತಾಯಿಯ ಪಾತ್ರದವಳು ಮಗುವಿಗೆ ಎರಡು ದಿನದಿಂದ ಜ್ವರವೆನ್ನುತ್ತಾಳೆ. ಅಭ್ಯರ್ಥಿಯಾದ ತರುಣಿಯು ಎಲ್ಲವನ್ನೂ ಸರಿಯಾಗಿ ಕೇಳುತ್ತಾಳೆ. ಗಂಡಾಂತರದ ಲಕ್ಷಣ ಯಾವುದೂ ಇಲ್ಲ. ಪ್ಯಾರಸಿಟಮಾಲ್, ನೀರು, ವಿಶ್ರಾಂತಿ. ಸಾಮಾನ್ಯ ದೃಷ್ಟಿಗೆ ಕೆಲಸ ಮುಗಿಯಿತು. ಆದರೆ ಪರೀಕ್ಷಕರ ಪೆನ್ನು ಇನ್ನೂ ಕಾದಿರುತ್ತದೆ. ಡೆಂಗ್ಯೂ ಜ್ವರದಲ್ಲಿ ಅಪಾಯವು ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದೊಳಗೆ, ಮೈಯ ಬಿಸಿ ಇಳಿಯುವ ಹೊತ್ತಿಗೇ, ತಾಯಿಯು ನೆಮ್ಮದಿಯ ಉಸಿರು ಬಿಡುವಾಗಲೇ ತಲೆದೋರುತ್ತದೆ. ತರುಣಿಯು ಚೀಟಿಯನ್ನು ಕೊಟ್ಟು, ತಾಯಿ ಎದ್ದು ನಿಂತಮೇಲೆ, “ಜ್ವರ ಬಿಟ್ಟಿತೆಂದು ಸುಮ್ಮನಾಗಬೇಡಿ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಕರೆತನ್ನಿ” ಎನ್ನುತ್ತಾಳೆ. ಆಗ ಪೆನ್ನು ಗುರುತು ಹಾಕುತ್ತದೆ, ಗಂಟೆ ಬಾರಿಸುತ್ತದೆ.